ಸೊಪ್ಪಿನವ್ವ ಇಲ್ಲದ ಫೋಟೋಗಳು

ಒಂದು ವರ್ಷಕ್ಕೂ ಹೆಚ್ಚು ಕಾಲ ನಾವೆಲ್ಲ ಸೇರಿ ಶ್ರೀರಂಗಪಟ್ಟಣದ ಫೋಟೋ ತೆಗೆದೆವು. ಗೋಡೆ ಬಿಡಲಿಲ್ಲ, ಗಲ್ಲಿ ಬಿಡಲಿಲ್ಲ, ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲನ್ನೂ ಬಿಡಲಿಲ್ಲ. ಆಮೇಲೆ ಒಂದು ದಿನ, ಕೋಟೆ ಬಾಗಿಲ ಬಳಿ ಸೊಪ್ಪು ಮಾರುವ ಹೆಂಗಸಿನ ಒಂದೇ ಒಂದು ಹಳೆಯ ಫೋಟೋ ಬೇಕಾಯಿತು. ಅದು ಸಿಗದಿದ್ದರೆ ಅವಳ ಜಾಗ ಹೋಗುತ್ತಿತ್ತು. ಹುಡುಕಿದೆವು. ಇರಲಿಲ್ಲ. ಇಷ್ಟು ವರ್ಷ ಸ್ಟುಡಿಯೋ ನಡೆಸಿದವಳು ನಾನು, ಎಷ್ಟೋ ಜನರ ಮೇಲೆ ರೇಗಿದ್ದೇನೆ. ಆದರೆ ಆವತ್ತು ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ನನಗೇ ತಿಳಿಯಲಿಲ್ಲ.

ನನ್ನದು ಬಸ್ ನಿಲ್ದಾಣದ ಹತ್ತಿರದ ಹಳೆಯ ಸ್ಟುಡಿಯೋ, ಅಪ್ಪ ಹಾಕಿದ್ದು. ಅವರು ಹೋದ ಮೇಲೆ ನಾನು ಮುಚ್ಚಿಬಿಡುತ್ತೇನೆಂದು ಎಲ್ಲರೂ ಅಂದುಕೊಂಡರು, ಆ ಹಟಕ್ಕೇ ತೆರೆದಿಟ್ಟೆ. ಈಗ ಮದುವೆಗೆ ಮೈಸೂರಿನಿಂದ ಡ್ರೋನ್ ಬರುತ್ತದೆ, ನಾಮಕರಣಕ್ಕೆ ಸೋದರಮಾವನ ಮೊಬೈಲು ಸಾಕು. ನನ್ನ ಪಾಲಿಗೆ ಉಳಿದಿರುವುದು ಪಾಸ್‌ಪೋರ್ಟ್ ಅಳತೆಯ ಮುಖಗಳು ಮತ್ತು ತೀರಿಹೋದವರು. ತೀರಿಹೋದವರದೇ ದೊಡ್ಡ ತಲೆನೋವು. ಬದುಕಿದ್ದಾಗ ನೆಟ್ಟಗೆ ಒಂದು ಫೋಟೋ ತೆಗೆಸಿರುವುದಿಲ್ಲ. ತಿಥಿ ಹತ್ತಿರ ಬಂದಾಗ ಯಾರದೋ ಮದುವೆಯ ಗುಂಪಿನ ಫೋಟೋ ಹಿಡಿದುಕೊಂಡು ಬಂದು, "ಹಿಂದ್ಲ ಸಾಲಲ್ಲಿ ಅವ್ರಲ್ಲಾ, ಅವ್ರೇ ನಮ್ಮಪ್ಪ, ಒಸಿ ದೊಡ್ಡದು ಮಾಡ್ಕೊಡಿ" ಅನ್ನುತ್ತಾರೆ. ಅಪ್ಪನ ಹೆಗಲ ಮೇಲೆ ಬೇರೆ ಯಾರದೋ ಕೈ ಇರುತ್ತದೆ. ಆ ಕೈಯನ್ನು ಅಳಿಸುತ್ತ ಕೂರುವುದು ನನ್ನ ಪಾಡು.

ಇಂಥ ನನ್ನನ್ನು ಹುಡುಕಿಕೊಂಡು ಒಬ್ಬರು ನಿವೃತ್ತ ಮೇಷ್ಟ್ರು ಬಂದರು. ಹುಟ್ಟಿದ್ದು ಮೇಲುಕೋಟೆಯಲ್ಲಿ, ಆದ್ದರಿಂದ ಮಾತು ಯಾವಾಗಲೂ ಇಸ್ತ್ರಿ ಹಾಕಿದ ಹಾಗೆ. "ನಮ್ಮ ಊರನ್ನು ಪ್ರವಾಸಿಗಳು ನೋಡುತ್ತಾರೆ, ನಾವು ನೋಡುವುದಿಲ್ಲ. ಎಲ್ಲರೂ ಸೇರಿ ನಮ್ಮ ಊರಿನ ಫೋಟೋ ತೆಗೆಯೋಣ, ಗ್ರಂಥಾಲಯದಲ್ಲಿ ಪ್ರದರ್ಶನ ಇಡೋಣ, ತಾವು ಮಾರ್ಗದರ್ಶನ ಮಾಡಬೇಕು" ಎಂದರು. ಅವರು ಹೇಳಿದ್ದು ನಿಜವೇ. ಈ ಜಿಲ್ಲೆಯಲ್ಲಿ ನಮ್ಮೂರಿನಷ್ಟು ಫೋಟೋ ತೆಗೆಸಿಕೊಂಡ ಊರು ಇನ್ನೊಂದಿಲ್ಲ. ಬಸ್ಸುಗಟ್ಟಲೆ ಜನ ಬಂದು ಕೋಟೆಗೆ ಬೆನ್ನು ಮಾಡಿ ನಿಂತು, ತಮ್ಮ ಮುಖ ತಾವು ತೆಗೆದುಕೊಂಡು ಹೋಗುತ್ತಾರೆ. ನಾವಾದರೋ ಆ ಗೋಡೆಗೆ ಸ್ಕೂಟರು ಒರಗಿಸಿ ಕೊತ್ತಂಬರಿ ತರಲು ಹೋಗುತ್ತೇವೆ. ಹಿತ್ತಲ ಗಿಡ ಮದ್ದಲ್ಲ. ಒಪ್ಪಿಕೊಂಡೆ.

ಮೊದಲ ಭಾನುವಾರ ತುಂಬ ಜನ ಬಂದರು. ಎಲ್ಲರೂ ಮೊಬೈಲಿನಲ್ಲಿ ಮೊದಲೇ ತೆಗೆದಿದ್ದ ಫೋಟೋಗಳನ್ನು ತೋರಿಸಿದರು. ಎಲ್ಲದರಲ್ಲೂ ಸಂಗಮದಲ್ಲಿ ಸೂರ್ಯ ಮುಳುಗುತ್ತಿದ್ದ. ಒಬ್ಬರ ಸೂರ್ಯ ಸ್ವಲ್ಪ ಎಡಕ್ಕೆ, ಇನ್ನೊಬ್ಬರ ಸೂರ್ಯ ಸ್ವಲ್ಪ ಬಲಕ್ಕೆ. ಒಬ್ಬರು ಸೂರ್ಯನ ಮೇಲೆ 'ಶುಭೋದಯ' ಎಂದು ಬರೆದಿದ್ದರು. ಮುಳುಗುತ್ತಿರುವ ಸೂರ್ಯನಿಗೆ ಶುಭೋದಯ ಏಕೆ ಎಂದು ಕೇಳಿದೆ, ಅವರು ಮುಂದಿನ ವಾರದಿಂದ ಬರಲಿಲ್ಲ. ನನ್ನ ಬಾಯಿಗೆ ಹೆದರಿಯೋ ಬೇಸತ್ತೋ ಜನ ಒಬ್ಬೊಬ್ಬರಾಗಿ ಕರಗಿದರು. ಕೊನೆಗೆ ಗಟ್ಟಿಯಾಗಿ ಉಳಿದದ್ದು ನನ್ನನ್ನು ಬಿಟ್ಟರೆ ಮೂರೇ ಜನ. ಮೇಷ್ಟ್ರು, ಗಂಜಾಮಿನ ಒಬ್ಬ ಆಟೋ ಸಾಹೇಬರು, ಮತ್ತು ನಾಗಮಂಗಲ ಕಡೆಯಿಂದ ಮದುವೆಯಾಗಿ ಬಂದು ಇಲ್ಲಿ ಹಸು ಕಟ್ಟಿರುವ ಡೈರಿಯಕ್ಕ.

ಈ ಮೂವರಿಗೆ ನಾನು ಹಾಕಿದ ನಿಯಮ ಒಂದೇ. ಏನನ್ನೂ ಸರಿಸಬೇಡಿ. ಇದ್ದದ್ದು ಇದ್ದ ಹಾಗೆ ಬರಲಿ. ಕೇಳಲಿಕ್ಕೆ ಎಷ್ಟು ಸುಲಭ. ನಮ್ಮ ಸೀಮೆಯ ಜನರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಎಂದು ತಿಳಿಯಲು ನನಗೆ ಒಂದು ತಿಂಗಳೂ ಬೇಕಾಗಲಿಲ್ಲ. ಕ್ಯಾಮೆರಾ ಎಂದರೆ ಇಲ್ಲಿ ಮನೆಗೆ ಬೀಗರು ಬಂದ ಹಾಗೆ. ಡೈರಿಯಕ್ಕನಿಗೆ ಅವಳ ಕೊಟ್ಟಿಗೆ ತೆಗೆದು ತಾ ಎಂದೆ. ಅವಳು ಸಗಣಿ ಬಾಚಿ, ನೆಲ ತೊಳೆದು, ಬಾಗಿಲಿಗೆ ರಂಗೋಲಿ ಬಿಟ್ಟು, ಹಸುವಿನ ಹಣೆಗೆ ಅರಿಸಿನ ಕುಂಕುಮ ಇಟ್ಟು ಫೋಟೋ ತಂದಳು. ಸಂಕ್ರಾಂತಿಯಾ ಎಂದು ಕೇಳಿದೆ. "ಇಲ್ಲ ಕಣಕ್ಕ, ನೀವೇ ಹೇಳ್ದಂಗೆ ಏನೂ ಸರ್ಸಿಲ್ಲ, ಬರೀ ತೊಳ್ದಿದ್ದೀನಿ" ಎಂದಳು. ಆಟೋ ಸಾಹೇಬರಿಗೆ ಅವರ ಆಟೋ ನಿಲ್ದಾಣ ತೆಗೆಯಲು ಹೇಳಿದೆ. ನಿಲ್ದಾಣದ ಆಟೋಗಳೆಲ್ಲ ಸೈನಿಕರ ಹಾಗೆ ಸಾಲಾಗಿ ನಿಂತಿದ್ದವು. ಒಂದು ದಿನವಾದರೂ ಅವು ಹಾಗೆ ನಿಂತಿದ್ದನ್ನು ನಾನು ಕಂಡಿಲ್ಲ. "ಕ್ಯಾ ಮೇಡಂ, ಫೋಟೋ ಅಂದ್ರೆ ಒಂದ್ ಇಜ್ಜತ್ ಬ್ಯಾಡ್ವಾ" ಎಂದು ಅವರೇ ನನ್ನನ್ನು ಕೇಳಿದರು.

ಮೇಷ್ಟ್ರದು ಬೇರೆಯೇ ರಗಳೆ. ಡೈರಿಯಕ್ಕ ಅವರ ಮುಖವನ್ನು ಕಿಟಕಿಯ ಬೆಳಕಿನಲ್ಲಿ ಚೆನ್ನಾಗಿ ತೆಗೆದಿದ್ದಳು. ನಾನು ಖುಷಿಯಾಗಿ ಅದನ್ನು ಕಪ್ಪುಬಿಳುಪಿನಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಅಂಗಡಿಯ ಗಾಜಿನಲ್ಲಿ ಇಟ್ಟೆ. ಮೇಷ್ಟ್ರ ಹೆಂಡತಿ ದಾರಿಯಲ್ಲಿ ಅದನ್ನು ನೋಡಿ, ಒಳಗೂ ಬರದೆ, ಸೀರೆಯ ಸೆರಗು ಬಾಯಿಗಿಟ್ಟುಕೊಂಡು ಮನೆಗೆ ಹೋದರಂತೆ. ಮರುದಿನ ಮೇಷ್ಟ್ರು ಬಂದು ತಗ್ಗಿದ ದನಿಯಲ್ಲಿ, "ಬಣ್ಣದಲ್ಲೇ ಇರಲಿ. ಮನೆಯಲ್ಲಿ ನಿನ್ನೆ ಒಲೆ ಹಚ್ಚಲಿಲ್ಲ" ಎಂದರು. ಪಕ್ಕದ ಅಂಗಡಿಯವರು ಆಗಲೇ ಕಾರ್ಯ ಯಾವತ್ತು ಎಂದು ವಿಚಾರಿಸಿ ಹೋಗಿದ್ದರು. ಒಬ್ಬರೇ ಇರುವ, ಕಟ್ಟು ಹಾಕಿದ, ಬಣ್ಣವಿಲ್ಲದ ಫೋಟೋ ನಮ್ಮಲ್ಲಿ ಒಂದೇ ಸುದ್ದಿ ಹೇಳುತ್ತದೆ. ಆ ಸುದ್ದಿಯನ್ನು ಇಷ್ಟು ವರ್ಷ ಮಾರಿದವಳು ನಾನೇ, ಆದರೂ ತಲೆ ಚಚ್ಚಿಕೊಂಡೆ.

ನಾವು ಪ್ರತಿ ಭಾನುವಾರ ಬೆಳಿಗ್ಗೆ ಸೇರುತ್ತಿದ್ದದ್ದು ಕೋಟೆ ಬಾಗಿಲ ಬಳಿ, ಸೊಪ್ಪಿನವ್ವನ ಎದುರಿಗೆ. ಅವಳು ಪಾಂಡವಪುರ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಗಂಟು ಇಳಿಸುತ್ತಾಳೆ. ಗೋಡೆಯ ಬುಡದಲ್ಲಿ ಒಂದು ನೀಲಿ ಗೊಬ್ಬರದ ಚೀಲ ಹಾಸಿ, ಅದು ಹಾರದಂತೆ ಮೂಲೆಗೆ ಅರ್ಧ ಒಡೆದ ರುಬ್ಬುಗುಂಡು ಇಟ್ಟು, ದಂಟು, ಸಬ್ಬಸಿಗೆ, ಬೆರಕೆ ಸೊಪ್ಪು ಜೋಡಿಸುತ್ತಾಳೆ. ಅವರೆಯ ಕಾಲದಲ್ಲಿ ಅವರೆಕಾಯಿ, ಮಳೆಗಾಲದಲ್ಲಿ ಎಳೆ ಸೋರೆ. ಬಿಸಿಲು ಏರುವ ಹೊತ್ತಿಗೆ ಮಾರಿ ಮುಗಿಸಿ, ಚೀಲ ಮಡಚಿ ರುಬ್ಬುಗುಂಡಿನ ಕೆಳಗಿಟ್ಟು, ವಾಪಸು ಬಸ್ಸು ಹತ್ತುತ್ತಾಳೆ. ನನಗೆ ನೆನಪಿರುವಾಗಿನಿಂದ ಹೀಗೇ. ನಾನು ತಂದ ಸೊಪ್ಪು ಬಲಿತಿದೆ ಎಂದು ಬೈದರೆ, "ಎಳೇದೇ ಬೇಕು ಅನ್ನೋಕೆ ನಿಮ್ಗೇನ್ ಹಲ್ಲಿಲ್ವಾ" ಎಂದು ತಿರುಗಿ ಬೈಯುವವಳು ಅವಳೊಬ್ಬಳೇ. ಅದಕ್ಕೇ ನನಗೆ ಅವಳನ್ನು ಕಂಡರೆ ಪ್ರೀತಿ.

ಮಳೆಗಾಲ ಮುಗಿದ ಮೇಲೆ ಸುದ್ದಿ ಬಂತು. ರಸ್ತೆ ಬದಿಯ ವ್ಯಾಪಾರಿಗಳನ್ನೆಲ್ಲ ಬಸ್ ನಿಲ್ದಾಣದ ಹಿಂದೆ ಕಟ್ಟಿರುವ ಹೊಸ ಶೆಡ್ಡಿಗೆ ಕಳಿಸುತ್ತಾರೆ, ಗೋಡೆಯ ಬುಡದಲ್ಲಿ ಇನ್ನು ಯಾರೂ ಕೂರುವಂತಿಲ್ಲ. ಶೆಡ್ಡು ಒಳ್ಳೆಯದೇ, ಮೇಲೆ ತಗಡು, ಕೆಳಗೆ ಸಿಮೆಂಟು, ಪಕ್ಕದಲ್ಲಿ ನಲ್ಲಿ. ಆದರೆ ಮೊದಲಿನಿಂದ ಕೂರುತ್ತಿದ್ದವರಿಗೆ ಮಾತ್ರ ಜಾಗ. ಇಲ್ಲದಿದ್ದರೆ ಸುದ್ದಿ ಕೇಳಿ ಓಡಿ ಬಂದವರೆಲ್ಲ ಹಕ್ಕು ಕೇಳುತ್ತಾರೆ, ಅದೂ ನ್ಯಾಯವೇ. ಯಾರು ಯಾರು ಕೂರುತ್ತಾರೆಂದು ನೋಡಿಕೊಂಡು ಹೋಗಲು ಪುರಸಭೆ ಕಛೇರಿಯವರು ಬಂದದ್ದು ಮಧ್ಯಾಹ್ನದ ಊಟ ಆದ ಮೇಲೆ. ಹೂವಿನವರು ಇದ್ದರು, ಎಳನೀರಿನವನು ಇದ್ದ, ಬಳೆ ಸಾಬರು ಇದ್ದರು. ಸೊಪ್ಪಿನವ್ವನ ಜಾಗದಲ್ಲಿ ಒಂದು ಕಲ್ಲು ಇತ್ತು. ಅವಳು ಅಷ್ಟು ಹೊತ್ತಿಗೆ ಊರು ಸೇರಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು.

ಅವಳು ವಿಷಯ ತಿಳಿದು ಹೋಗಿ ಕೇಳಿದಾಗ, ಹಿಂದಿನಿಂದ ಅಲ್ಲಿ ಕೂರುತ್ತಿದ್ದೆ ಎಂದು ತೋರಿಸಲು ಒಂದು ಹಳೆಯ ಫೋಟೋ ಆದರೂ ಇದ್ದರೆ ತನ್ನಿ ಎಂದರಂತೆ. ಆವತ್ತೇ ನನ್ನ ಅಂಗಡಿಗೆ ಬಂದಳು. ಮೊದಲ ಸಲ ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. "ಅಕ್ಕಾ, ಆ ಜಾಗ ಹೋದ್ರೆ ನಾನು ಮನೆ ಮನೆ ತಿರುಗ್ಬೇಕು. ಮಂಡಿ ಕೇಳಾಕಿಲ್ಲ ಕಣವ್ವ. ನನ್ದೊಂದ್ ಪೋಟ ಇದ್ರೆ ಹುಡುಕ್ಕೊಡಿ" ಎಂದಳು. ನಾನು ನಕ್ಕುಬಿಟ್ಟೆ. ವರ್ಷವಿಡೀ ನಿನ್ನ ಮೂತಿಯ ಮುಂದೆಯೇ ಫೋಟೋ ತೆಗೆದಿದ್ದೇವೆ, ಒಂದಲ್ಲ ನೂರು ಕೊಡುತ್ತೇನೆ, ಧೈರ್ಯವಾಗಿ ಬಸ್ಸು ಹತ್ತು ಎಂದು ಕಳಿಸಿದೆ.

ಆ ನಗು ಸಂಜೆಯ ಹೊತ್ತಿಗೆ ಬತ್ತಿಹೋಯಿತು. ಮೂವರನ್ನೂ ಅಂಗಡಿಗೆ ಕರೆದು, ಎಲ್ಲರ ಫೋಟೋಗಳನ್ನೂ ಕಂಪ್ಯೂಟರಿಗೆ ಹಾಕಿ ನೋಡತೊಡಗಿದೆವು. ಕೋಟೆ ಬಾಗಿಲು, ಬೇಕಾದಷ್ಟು. ಬಿಸಿಲಲ್ಲಿ, ಮಳೆಯಲ್ಲಿ, ಮಂಜಿನಲ್ಲಿ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡ. ಬಾಗಿಲ ಕೆಳಗೆ ಸಿಕ್ಕಿಹಾಕಿಕೊಂಡ ಕಬ್ಬಿನ ಟ್ರಾಕ್ಟರು. ಗೋಡೆಯ ಮೇಲೆ ಮಲಗಿದ ನಾಯಿ, ಅದೂ ನಾಲ್ಕು ಕೋನಗಳಿಂದ. ನಾಯಿ ಇದೆ, ಸೊಪ್ಪಿನವ್ವ ಇಲ್ಲ. ಮುಂದೆ ಹೋದೆವು, ಹಿಂದೆ ಬಂದೆವು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಆ ಕತೆಯಲ್ಲಾದರೂ ಮಗು ಕಂಕುಳಲ್ಲಿ ಇತ್ತು. ನಮಗೆ ಅಷ್ಟೂ ಇಲ್ಲ.

ನನಗೆ ಮೈ ಉರಿಯಿತು. "ಯಾರು ಅವಳನ್ನ ಏಳಿಸಿದ್ದು? ಏನೂ ಸರಿಸಬೇಡಿ ಅಂತ ಬಡಕೊಂಡೆನಲ್ಲ" ಎಂದು ಕೂಗಾಡಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ನಾನು ಯಾರನ್ನೂ ಏಳಿಸಿದವನಲ್ಲ" ಎಂದರು. ಆಟೋ ಸಾಹೇಬರು ಕಿವಿ ಮುಟ್ಟಿಕೊಂಡು, "ಕಸಮ್, ನಾನೂ ಅಲ್ಲ" ಎಂದರು. ಡೈರಿಯಕ್ಕ, "ನಾನ್ಯಾಕ್ ಏಳುಸ್ಲಿ, ನಮ್ಮತ್ತೆ ವಯಸ್ಸು ಅವ್ರಿಗೆ" ಎಂದಳು. ಹಾಗಾದರೆ ನಾನು ತೆಗೆದವುಗಳನ್ನು ನೋಡೋಣ ಎಂದು ನನ್ನವನ್ನೂ ಹಾಕಿದೆ. ನಾನಂತೂ ಬದುಕಿನಲ್ಲಿ ಯಾರಿಗೂ ಪಕ್ಕಕ್ಕೆ ಹೋಗಿ ಎಂದವಳಲ್ಲ, ಹತ್ತಿರ ಬನ್ನಿ ಎಂದೇ ಹೇಳಿ ಹೇಳಿ ಗಂಟಲು ಕೆಟ್ಟಿದೆ. ನನ್ನವುಗಳಲ್ಲೂ ಅವಳಿರಲಿಲ್ಲ.

ಮರುದಿನ ಸೊಪ್ಪಿನವ್ವ ಸೊಪ್ಪು ಮಾರಿ ನೇರ ಅಂಗಡಿಗೆ ಬಂದಳು. ಕುರ್ಚಿ ಎಳೆದು ಕೂರಿಸಿ, ನೀನೇ ನೋಡು ತಾಯಿ ಎಂದು ಪರದೆ ತಿರುಗಿಸಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದೊಂದನ್ನೇ ನೋಡಿದಳು. ನನ್ನ ಹಾಗೆ ಗಾಬರಿಯಾಗಲಿಲ್ಲ. ಗೋಡೆಯ ಫೋಟೋ ಬಂದಾಗ ಬೆರಳು ಇಟ್ಟು ತೋರಿಸಿದಳು. ಬೆರಳು ಇಟ್ಟದ್ದು ಪರದೆಯ ಮೇಲಲ್ಲ. ಪರದೆಯ ಆಚೆ, ನನ್ನ ಮೇಜಿನ ಮರದ ಮೇಲೆ.

"ನಾನು ಇಲ್ಲಿವ್ನಿ" ಎಂದಳು.

"ಎಲ್ಲಿ?"

"ಇಲ್ಲೇ, ಇತ್ಲಾಗೆ. ಪೋಟದಿಂದ ಒಸಿ ಈಚ್ಗೆ. ಮೇಷ್ಟ್ರ ಕೊಡೆ ಇಡ್ಕಂಡು ನಿಂತಿವ್ನಿ."

ಮುಂದಿನ ಫೋಟೋ ಬಂತು. ಬೆರಳು ಈ ಸಲ ಮೇಜಿನ ಇನ್ನೊಂದು ಕಡೆಗೆ ಹೋಯಿತು, ನನ್ನ ಚಹಾದ ಲೋಟದ ಪಕ್ಕಕ್ಕೆ. "ಇದ್ರಲ್ಲಿ ಅತ್ಲಾಗೆ. ಆವತ್ತು ಡೈರಿಯವ್ವನ ಹಾಲಿನ ಕ್ಯಾನು ನನ್ ಕೈಲಿತ್ತು. ಇದು ನಿಮ್ದು, ನಿಮ್ ಬ್ಯಾಗು ನನ್ ತೊಡೆ ಮ್ಯಾಲೆ ಇಕ್ಕಂಡು ಮೆಟ್ಲು ಮ್ಯಾಲೆ ಕುಂತಿದ್ದೆ."

ಹೌದು. ನಮ್ಮ ಭಾನುವಾರದ ಚೀಲ, ಕೊಡೆ, ಕ್ಯಾನು ಎಲ್ಲ ಅವಳ ಹತ್ತಿರವೇ ಇರುತ್ತಿದ್ದವು. ನಾವು ಕೊಟ್ಟದ್ದಲ್ಲ. ನಾವು ಮೊಬೈಲು ಎತ್ತಿದ ಕೂಡಲೇ ಅವಳು ಎದ್ದು ಬಂದು ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ನಾವೂ ಎರಡು ಕೈ ಖಾಲಿಯಾಯಿತಲ್ಲ ಎಂದು ಗೋಡೆಯ ಕಡೆಗೆ ತಿರುಗುತ್ತಿದ್ದೆವು.

"ಯಾರು ನಿನಗೆ ಏಳು ಅಂತ ಹೇಳಿದ್ದು?" ಎಂದು ಕೇಳಿದೆ. ದನಿ ಜೋರಾಗಿಯೇ ಬಂತು.

"ಯಾರೂ ಯೋಳಿಲ್ಲ ಕಣಕ್ಕ. ಯಾರಾರ ಪೋಟ ತಗೀವಾಗ ಅಡ್ಡಕ್ಕೆ ಕುಂತಿರ್ತಾರಾ? ಪೋಟ ಕೆಡ್ತದಲ್ಲಾ. ನಮ್ಗೂ ಒಸಿ ಮರ್ವಾದೆ ಬ್ಯಾಡ್ವಾ?"

ನಮ್ಮ ಕಡೆಯ ಮರ್ಯಾದೆಯೇ ಹೀಗೆ. ಬಸ್ಸಿನಲ್ಲಿ ಕಿಟಕಿಗೆ ಜಗಳ ಆಡುತ್ತೇವೆ, ಊಟದ ಪಂಕ್ತಿಯಲ್ಲಿ ಎಲೆಗೆ ತಳ್ಳಾಡುತ್ತೇವೆ. ಆದರೆ ಯಾರಾದರೂ ಕ್ಯಾಮೆರಾ ಎತ್ತಿದರೆ ಮಾತ್ರ ಬೆನ್ನು ಬಗ್ಗಿಸಿ, ಕೈ ಆಡಿಸಿ, "ತಕ್ಕಳಿ ತಕ್ಕಳಿ" ಎನ್ನುತ್ತ ಸರಿದು ಬಿಡುತ್ತೇವೆ. ಪ್ರವಾಸಿಗಳ ಜೊತೆ ಹುಟ್ಟಿ ಬೆಳೆದ ಊರು, ಈ ಅಭ್ಯಾಸ ನಮಗೆ ರಕ್ತದಲ್ಲೇ ಬಂದುಬಿಟ್ಟಿದೆ. ವರ್ಷವೆಲ್ಲ ನಾನು ಸರಿಸಬೇಡಿ ಎಂದು ಕಿರುಚಿದ್ದು ಫೋಟೋ ತೆಗೆಯುವವರಿಗೆ. ಸರಿಯಬೇಡಿ ಎಂದು ಊರಿಗೆ ಹೇಳುವವರು ಯಾರೂ ಇರಲಿಲ್ಲ. ನನಗೆ ಅಳು ಬಂತು. ಅಳುವ ಬದಲು ಅವಳಿಗೆ ಇನ್ನಷ್ಟು ಬೈದೆ. ಅವಳು ಬೈಸಿಕೊಂಡು ಚಹಾ ಕುಡಿದಳು.

ಅವಳು ಹೋದ ಮೇಲೂ ಆ ಫೋಟೋಗಳನ್ನು ಮುಚ್ಚಲು ಮನಸ್ಸಾಗಲಿಲ್ಲ. ಅವಳು ಬೆರಳಿಟ್ಟ ಕಡೆ ಸೊಪ್ಪಿನ ನೀರಿಗೆ ನನ್ನ ಮೇಜು ಒದ್ದೆಯಾಗಿತ್ತು. ಗೋಡೆಯ ಬುಡದಲ್ಲಿ ಅವಳು ಎದ್ದುಹೋದ ಜಾಗವನ್ನು ನೋಡಿದೆ. ಅದು ಎಲ್ಲ ಫೋಟೋಗಳಲ್ಲೂ ಇತ್ತು. ನೀಲಿ ಚೀಲ. ಮೂಲೆಯಲ್ಲಿ ಅರ್ಧ ಒಡೆದ ರುಬ್ಬುಗುಂಡು. ಚೀಲದ ಮೇಲೆ ಬೇಸಿಗೆಯಲ್ಲಿ ದಂಟು, ಮಳೆಯಲ್ಲಿ ಸೋರೆ, ಚಳಿಯಲ್ಲಿ ಅವರೆಕಾಯಿಯ ರಾಶಿ. ಒಂದರಲ್ಲಿ ಅರ್ಧ ಕಟ್ಟಿದ ಸಬ್ಬಸಿಗೆಯ ಕಟ್ಟು, ಬಾಳೆ ನಾರು ಇನ್ನೂ ಗಂಟು ಬಿದ್ದಿಲ್ಲ. ಕಟ್ಟುತ್ತಿದ್ದ ಕೈ ನಮ್ಮ ಯಾರದೋ ಚೀಲ ಹಿಡಿಯಲು ಎದ್ದು ಹೋಗಿದೆ. ನಾನು ಇವುಗಳನ್ನು ನಿನ್ನೆಯೂ ನೋಡಿದ್ದೆ. ಮುಖ ಹುಡುಕುತ್ತಿದ್ದೆ, ಅಷ್ಟೇ. ಇಷ್ಟು ವರ್ಷ ಮುಖ ನೋಡಿಯೇ ಹೊಟ್ಟೆ ಹೊರೆದವಳಿಗೆ ಮುಖವಿಲ್ಲದ ಕಡೆ ಯಾರಿದ್ದಾರೆಂದು ನೋಡಲು ಬರಲಿಲ್ಲ.

ಪ್ರದರ್ಶನಕ್ಕೆಂದು ಆರಿಸಿಟ್ಟಿದ್ದ ಸೂರ್ಯ, ಹಸು, ಆಟೋ ಎಲ್ಲವನ್ನೂ ಹಿಂದಿನ ಗೋಡೆಗೆ ತಳ್ಳಿದೆ. ಮೇಷ್ಟ್ರು ಮುಖ ಸಣ್ಣಗೆ ಮಾಡಿಕೊಂಡರು, ನಾನು ಕಂಡೂ ಕಾಣದ ಹಾಗೆ ಇದ್ದೆ. ಗ್ರಂಥಾಲಯದ ಒಳಗೆ ಎದುರುಗೋಡೆಯ ತುಂಬ ಅವಳಿಲ್ಲದ ಆ ನೀಲಿ ಚೀಲದ ಫೋಟೋಗಳನ್ನು, ಬೇಸಿಗೆಯಿಂದ ಹಿಡಿದು ಮುಂದಿನ ಬೇಸಿಗೆಯವರೆಗೆ, ಸಾಲಾಗಿ ಹಾಕಿದೆ. ಉದ್ಘಾಟನೆಗೆ ಕಛೇರಿಯ ಅಧಿಕಾರಿಯನ್ನೇ ಕರೆದೆವು. ಕೆ.ಆರ್. ಪೇಟೆ ಕಡೆಯ ಸಭ್ಯ ಮನುಷ್ಯ, ಹೊಸದಾಗಿ ಬಂದವರು. ದೀಪ ಹಚ್ಚಿ, ಫೋಟೋಗಳ ಮುಂದೆ ಕೈ ಕಟ್ಟಿಕೊಂಡು ನಡೆದರು. ಒಂದು, ಎರಡು, ಮೂರು ನೋಡಿ ನಿಂತರು.

"ಗೋಡೆ ಚೆನ್ನಾಗಿ ಬಂದಿದೆ ಮೇಡಂ. ಆದರೆ ಇದರಲ್ಲಿ ಯಾರೂ ಇಲ್ವಲ್ಲ?"

"ಇಲ್ಲ" ಎಂದೆ. "ಯಾರೂ ಇಲ್ಲದ ಕಡೆ ಸೊಪ್ಪು ತಾನಾಗಿ ಬಸ್ಸಿಳಿದು ಬಂದು ಕೂತಿತ್ತಾ, ನೀವೇ ಹೇಳಿ."

ಅವರು ತಬ್ಬಿಬ್ಬಾದರು. ನಾನು ಬಿಡಲಿಲ್ಲ. ರುಬ್ಬುಗುಂಡಿನ ಒಡಕನ್ನು ಪ್ರತಿ ಫೋಟೋದಲ್ಲೂ ಬೆರಳಿಟ್ಟು ತೋರಿಸಿದೆ. ಸೊಪ್ಪಿನವ್ವ ಬಾಗಿಲ ಬಳಿಯೇ ನಿಂತಿದ್ದಳು, ಒಳಗೆ ಬರಲು ಸಂಕೋಚ. ಡೈರಿಯಕ್ಕ ಕೈ ಹಿಡಿದು ಎಳೆದು ತಂದಳು. ಸೊಪ್ಪಿನವ್ವ ಒಂದೊಂದು ಫೋಟೋ ಮುಂದೆಯೂ, ಅದರ ಅಂಚಿನಿಂದ ಆಚೆ ಖಾಲಿ ಗೋಡೆಯನ್ನು ಮುಟ್ಟಿ, ತಾನು ಎಲ್ಲಿ ನಿಂತಿದ್ದೆ, ಕೈಯಲ್ಲಿ ಯಾರದೇನಿತ್ತು ಎಂದು ಹೇಳಿದಳು. ಮೇಷ್ಟ್ರು ಮುಂದೆ ಬಂದು ಗಂಟಲು ಸರಿಮಾಡಿಕೊಂಡು, "ಕೊಡೆ ನನ್ನದೇ. ಈ ಚಿತ್ರ ತೆಗೆಯುವಾಗ ಈಕೆ ನನ್ನಿಂದ ಒಂದು ಮಾರು ದೂರದಲ್ಲಿದ್ದರು" ಎಂದರು. "ಈ ಫೋಟೋ ತೆಗ್ದಿದ್ ದಿವ್ಸ ನನ್ ಟೋಪಿ, ಚಾವಿ ಎಲ್ಲಾ ಅಮ್ಮನ ಹತ್ರಾನೇ ಇತ್ತು ಸಾರ್, ಬರೆದ್ ಕೊಡ್ತೀನಿ" ಎಂದರು ಆಟೋ ಸಾಹೇಬರು. ನೋಡಲು ಬಂದಿದ್ದವರಲ್ಲಿ ಯಾರೋ, ಇನ್ಯಾರೋ, ತಮ್ಮ ಮಕ್ಕಳ ಶಾಲೆ ಚೀಲ, ದೇವಸ್ಥಾನಕ್ಕೆ ಹೋಗುವಾಗ ಬಿಟ್ಟ ಚಪ್ಪಲಿ ಎಲ್ಲ ಅವಳೇ ಕಾದದ್ದು ಎಂದು ಶುರುಮಾಡಿದರು. ಸಭೆ ಸಂತೆಯಾಯಿತು.

ಅಧಿಕಾರಿ ಕೊನೆಗೆ ಕೈ ಎತ್ತಿದರು. "ಆಯ್ತು, ಆಯ್ತು, ನಂಬಿದೆ. ಇವನ್ನೇ ಇಟ್ಟುಕೊಳ್ಳುತ್ತೇನೆ. ಇವರು ಆ ಜಾಗದಲ್ಲಿ ಕೂತಿರುವ ಒಂದು ಫೋಟೋ ಮಾತ್ರ ಈಗ ತೆಗೆದು ಜೊತೆಗೆ ಕೊಡಿ, ನನ್ನ ಮೇಲಿನವರೂ ನೋಡಬೇಕಲ್ಲ" ಎಂದರು. ನಾಳೆ ಬೆಳಿಗ್ಗೆಯೇ ಕೊಡುತ್ತೇನೆ ಎಂದೆ.

ಬೆಳಿಗ್ಗೆ ಅಪ್ಪನ ಕಾಲದ ಮೂರುಕಾಲಿನ ಸ್ಟ್ಯಾಂಡನ್ನೂ ಹೊತ್ತು ಹೋದೆ. ಅವಳು ಚೀಲ ಹಾಸಿ, ಸೊಪ್ಪು ಜೋಡಿಸಿ, ತಲೆ ಬಾಚಿ ಹೂ ಮುಡಿದು ಕೂತಿದ್ದಳು. ಕೋಟೆ ಬಾಗಿಲಲ್ಲಿ ಎಂದಿನ ಗಲಾಟೆ. ಶಾಲೆಯ ಮಕ್ಕಳು, ಹಾಲಿನ ವ್ಯಾನು, ದಾರಿ ಕೇಳುವ ಪ್ರವಾಸಿಗಳು, ಕಟ್ಟು ಹಿಡಿದು ಚೌಕಾಸಿ ಮಾಡುತ್ತಿದ್ದ ಇಬ್ಬರು ಹೆಂಗಸರು. ನನಗೆ ಬೇಕಾಗಿದ್ದದ್ದು ಅದೇ. ಈ ಗದ್ದಲದ ನಡುವೆ ಕೂತು ಮಾರುವ ಸೊಪ್ಪಿನವ್ವ. ಕ್ಯಾಮೆರಾ ಕಣ್ಣಿಗೆ ಹಿಡಿದೆ.

ಅವಳು ಎದ್ದು ಬಂದು ನನ್ನ ಬ್ಯಾಗಿಗೆ ಕೈ ಹಾಕಿದಳು.

"ಕೂತ್ಕೊಳ್ಳೇ ಮಾರಾಯ್ತಿ" ಎಂದು ಕೂಗಿದೆ. "ನಿನ್ನ ಫೋಟೋನೇ ತೆಗೀತಿರೋದು."

"ಅಯ್ಯೋ, ಮರ್ತೇ ಹೋಯ್ತು. ಬ್ಯಾಗು ಮತ್ಯಾರು ಇಡ್ಕಂತಾರೆ?"

ಬ್ಯಾಗನ್ನು ನೆಲಕ್ಕೆ ಹಾಕಿದೆ. ಅವಳು ಹೋಗಿ ಕೂತಳು, ಕತ್ತು ನೆಟ್ಟಗೆ, ಕೈ ಎರಡೂ ಮಂಡಿಯ ಮೇಲೆ. ನಾನು ಮತ್ತೆ ಕ್ಯಾಮೆರಾ ಎತ್ತಿದೆ. ಚೌಕಾಸಿ ಮಾಡುತ್ತಿದ್ದ ಹೆಂಗಸರು ನನ್ನನ್ನು ಕಂಡು, ಸೊಪ್ಪನ್ನು ಮೆಲ್ಲಗೆ ಇಟ್ಟು, ಬಗ್ಗಿಕೊಂಡು ಪಕ್ಕಕ್ಕೆ ಸರಿದರು. ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಎಳೆದು ನಿಲ್ಲಿಸಿಕೊಂಡರು. ಹಾಲಿನ ವ್ಯಾನು ಬಾಗಿಲ ಆಚೆಯೇ ನಿಂತಿತು. ಆಟೋ ಸಾಹೇಬರು ಎಲ್ಲಿಂದಲೋ ಬಂದು ರಸ್ತೆಗೆ ಅಡ್ಡಲಾಗಿ ಕೈ ಚಾಚಿ, "ಫೋಟೋ, ಫೋಟೋ, ಅಮ್ಮನ ಫೋಟೋ" ಎಂದು ಹಿಂದಿನಿಂದ ಬಂದ ಬಸ್ಸನ್ನೂ ತಡೆದರು. ಪ್ರವಾಸಿಗಳೂ ಏನೋ ದೊಡ್ಡದಿರಬೇಕೆಂದು ತಮ್ಮ ಸೆಲ್ಫಿ ಕೋಲುಗಳನ್ನು ಇಳಿಸಿ ಗೋಡೆಗೆ ಒತ್ತಿಕೊಂಡರು. ಊರು ಎರಡು ಕಡೆಗೂ ಸರಿದು ನಿಂತಿತು. ನನ್ನ ಜನ್ಮದಲ್ಲಿ ಆ ಬಾಗಿಲು ಖಾಲಿಯಾಗಿದ್ದನ್ನು ಕಂಡವಳಲ್ಲ.

ಒಬ್ಬ ಗಿರಾಕಿಯೂ ಇಲ್ಲದ ವ್ಯಾಪಾರದ ಫೋಟೋ ಯಾರು ನಂಬುತ್ತಾರೆ, ಎಲ್ಲರೂ ವಾಪಸು ಬನ್ನಿ, ಮೊದಲಿನ ಹಾಗೇ ಇರಿ ಎಂದು ಕೂಗಬೇಕಿತ್ತು. ಬಾಯಿ ತೆರೆದೆ. ಕ್ಯಾಮೆರಾದಲ್ಲಿ ಅವಳು ಕಂಡಳು. ಅಷ್ಟಗಲದ ಗೋಡೆ, ಅದರ ಬುಡದಲ್ಲಿ ಅವಳೊಬ್ಬಳು, ಹಿಂದೆ ಮುಂದೆ ಯಾರೂ ಇಲ್ಲ. ಇಷ್ಟು ವರ್ಷ ಎಲ್ಲರಿಗೂ ಜಾಗ ಬಿಟ್ಟವಳಿಗೆ ಊರು ಒಂದು ನಿಮಿಷ ಜಾಗ ಬಿಟ್ಟಿತ್ತು. ಗದ್ದ ಎತ್ತು ಎಂದು ಕೂಡ ಹೇಳಲಾಗಲಿಲ್ಲ ನನಗೆ. ಸುಮ್ಮನೆ ಗುಂಡಿ ಒತ್ತಿದೆ.

ಶೆಡ್ಡಿನಲ್ಲಿ ಅವಳಿಗೆ ಜಾಗ ಸಿಕ್ಕಿತು, ನಲ್ಲಿಯ ಪಕ್ಕದಲ್ಲೇ. ರುಬ್ಬುಗುಂಡನ್ನೂ ಅಲ್ಲಿಗೆ ಹೊತ್ತುಕೊಂಡು ಹೋದಳು, ಸಿಮೆಂಟಿನ ಕಟ್ಟೆಯ ಮೇಲೆ ಚೀಲ ಹಾರುವುದಿಲ್ಲ ಎಂದು ನಾನು ಹೇಳಿದರೂ ಕೇಳಲಿಲ್ಲ. ಅವಳ ಫೋಟೋವನ್ನು ಬಣ್ಣದಲ್ಲೇ ದೊಡ್ಡದಾಗಿ ಅಚ್ಚು ಹಾಕಿಸಿ ಕೊಡಲು ಹೋದೆ. ಕೈ ಒರೆಸಿಕೊಂಡು ತೆಗೆದುಕೊಂಡಳು, ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ಏನಾದರೂ ಹೇಳುತ್ತಾಳೆಂದು ನಾನು ಕಾದೆ.

"ಗ್ವಾಡೆ ಎಷ್ಟ್ ಚೆಂದಾಗ್ ಬಂದದೆ ಕಣಕ್ಕ" ಎಂದಳು. "ನಾನೊಸಿ ಎದ್ದಿದ್ರೆ ಪೂರಾ ಕಾಣ್ತಿತ್ತು."